ವಿಯೆನ್ನಾಕ್ಕ ಬರ್ರಿ

ಗೇಟಿನಾಚೆ ಶಿವಯೋಗೀಶ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಗೇಟಿನೀಚೆ ಮಾನಸಿ ಒಂದು ಮಾತನ್ನು ಗಂಟಲಲ್ಲೇ ಹಿಡಿದುಕೊಂಡು ನಿಂತಿದ್ದಳು. ಧಾರವಾಡದ ಮಾಳಮಡ್ಡಿಯಲ್ಲಿ ಸಂಜೆಯಾಗಿತ್ತು, ನಾಳೆ ಅವಳ ವಿಮಾನ.

"ಅಲ್ಲಿ ಸೈಕಲ್ಲು ಬಾಡಿಗಿದು," ಎಂದು ಅವನು ಕಿಸೆಯಿಂದ ಬಿಳಿ ದಾರದ ಸುರುಳಿಯೊಂದನ್ನು ತೆಗೆದು ಕೊಟ್ಟ. "ನಿಮ್ಮ ಸೀಟಿನ ಎತ್ತರಕ್ಕ ಸರಿಯಾಗಿ ಕತ್ತರಿಸೇನಿ. ಪೆಡಲ್ಲಿನಿಂದ ಮ್ಯಾಲೆ ಅಳೀರಿ. ಇಲ್ಲಂದ್ರ ಮೊಣಕಾಲು ನೋಯ್ತಾವ."

"ನನ್ನ ಅಳತಿ ನಿಮಗ ಹೆಂಗ ಗೊತ್ತು?"

"ಎರಡು ವರ್ಷ ಹಿಂದಿಂದ ನೋಡಾಕತ್ತೇನಲ್ರಿ," ಅಂದವನು, ಅಂದದ್ದೇನೆಂದು ಹೊಳೆದು, ಬಿಗಿದಿದ್ದ ಪಟ್ಟಿಯನ್ನೇ ಮತ್ತೊಮ್ಮೆ ಬಿಗಿದ. ಕಿವಿ ಕೆಂಪಾದದ್ದು ಹೆಲ್ಮೆಟ್ಟಿನ ಕೆಳಗೂ ಕಂಡಿತು.

ಭಾನುವಾರದ ಸವಾರಿಯಲ್ಲಿ ಅವನದು ಯಾವಾಗಲೂ ಅವಳ ಹಿಂದಿನ ಜಾಗ. ಉಣಕಲ್ ಕೆರೆ ಇರಲಿ, ಕಲಘಟಗಿ ರಸ್ತೆ ಇರಲಿ, ಅವನ ಸೈಕಲ್ಲಿನ ಟಿಕ್‌ಟಿಕ್ ಅವಳ ಬೆನ್ನಿಗೇ ಇರುತ್ತಿತ್ತು. ಮನೆಯವರೆಗೆ ಬಂದು ಬಿಡುವವನು ಗೇಟು ದಾಟಿ ಎಂದೂ ಒಳಗೆ ಬಂದವನಲ್ಲ. ಯುರೋಪಿನ ಡ್ಯಾನ್ಯೂಬ್ ನದಿಯ ದಂಡೆಗುಂಟ ವಿಯೆನ್ನಾವರೆಗೆ ಸೈಕಲ್ ತುಳಿಯುವ ಹುಚ್ಚು ಗೆಳೆಯರೆಲ್ಲರಿಗೂ ಕೂಡಿಯೇ ಹಿಡಿದಿತ್ತು. ಎಲ್ಲರಿಗೂ ವೀಸಾ ಬಂತು. ಅಷ್ಟರಲ್ಲಿ ತಾರಿಹಾಳದ ಅವನ ಕಾರ್ಖಾನೆಗೆ ದೊಡ್ಡ ಆರ್ಡರ್ ಬಂದು, ಅವನು ಟಿಕೆಟ್ ರದ್ದು ಮಾಡಿಬಿಟ್ಟ.

ಮಾಲು ಕಳಿಸಿದ ಮೇಲೆ ಕೊನೆಯ ಊರಿಗಾದರೂ ಬರಬಹುದಲ್ಲ? ಬಂದರೆ ಆ ಹೊಳೆಯ ದಂಡೆಯಲ್ಲಿ ಎಲ್ಲ ಹೇಳಿಬಿಡುವುದೆಂದು ಮಾನಸಿ ಗಟ್ಟಿ ಮನಸ್ಸು ಮಾಡಿದ್ದಳು. ಧಾರವಾಡದಲ್ಲಿ ಅವಳಿಗೆ ಬಾಯೇ ಬರುತ್ತಿರಲಿಲ್ಲ. ಇಲ್ಲಿ ಅವಳು ಮಾಳಮಡ್ಡಿಯ ಕುಲಕರ್ಣಿಯವರ ಮಗಳು, ಅವನು ಬೆಂಗೇರಿಯ ಲಿಂಗಾಯತರ ಮನೆಯವ. ಇಬ್ಬರ ನಡುವಿನ ‘ರಿ’ ಇಷ್ಟು ದಿನವಾದರೂ ಸಡಿಲಾಗಿರಲಿಲ್ಲ.

"ಮಾಲು ಹೋದಮ್ಯಾಲೆ ವಿಯೆನ್ನಾಕ್ಕರ..." ಅಂದಳು. ಅದೇ ಹೊತ್ತಿಗೆ ಹಾಳಾದ ಲಾರಿಯೊಂದು ಹಾರನ್ ಬಾರಿಸುತ್ತ ಬಂತು. ಅದು ದಾಟುತ್ತಲೇ ಅವಳು ಮಾತು ಮುಗಿಸಿದಳು. "ಬರ್ರಿ."

"ಬರ್ತೇನ್ರಿ," ಅಂದ ಅವನು. ನಕ್ಕ, ಪೆಡಲ್ ತುಳಿದ, ಹೋದ.

ಬರ್ತಾರಂತ. ಮಾನಸಿ ಗೇಟಿನ ಚಿಲಕ ಹಾಕುವುದನ್ನೂ ಮರೆತು ಒಳಗೆ ಹೋದಳು.

ಡ್ಯಾನ್ಯೂಬ್ ಹೊಳೆ ದೊಡ್ಡದು, ಸದ್ದಿಲ್ಲದ್ದು. ದಂಡೆಗುಂಟ ಸೈಕಲ್ಲಿಗೆಂದೇ ಮಾಡಿದ ದಾರಿ. ಗೆಳತಿ ಇಂದು ಮತ್ತು ಅವಳ ಗಂಡ ಮಿಲಿಂದ ಜೋಡಿಯಾಗಿ ತುಳಿಯುತ್ತ, ಒಂದೇ ಬಾಟಲಿಯ ನೀರನ್ನು ಹಂಚಿಕೊಳ್ಳುತ್ತಿದ್ದರು. ಅಮರೇಶ ಮುಂದೆ ಹೋಗಿ, ಹ್ಯಾಂಡಲ್ಲಿಗೆ ಕಟ್ಟಿದ ಫೋನಿನಲ್ಲಿ ಊರಿನ ಹೆಂಡತಿಗೆ ನದಿ ತೋರಿಸುತ್ತಿದ್ದ. ಮಾನಸಿ ಎಲ್ಲರಿಗಿಂತ ಹಿಂದೆ.

ಬೆನ್ನಿಗೆ ಟಿಕ್‌ಟಿಕ್ ಇರಲಿಲ್ಲ. ಆದರೂ ರೂಢಿ ಬಿಡಬೇಕಲ್ಲ, ಅವಳು ಮೇಲಿಂದ ಮೇಲೆ ಹೊರಳಿ ನೋಡುತ್ತಿದ್ದಳು. ದಾರಿ ಬಿಡುತ್ತಿದ್ದಾಳೆಂದು ತಿಳಿದು ಮುದುಕ ಮುದುಕಿಯರ ಜೋಡಿಯೊಂದು ಗಂಟೆ ಬಾರಿಸಿ ಮುಂದೆ ಹೋಯಿತು. ಒಬ್ಬಳೇ ಇರುವುದು ಅವಳಿಗೇನೂ ಹೊಸದಲ್ಲ. ಅಪ್ಪ ಹೋದ ಮೇಲೆ ಒಬ್ಬಾಕೆಗೇ ಅಕ್ಕಿ ಇಟ್ಟು ಉಂಡಾಕೆ ಅವಳು. ಆದರೆ ಗೆಳೆಯರು ನಗುವ ನಡುವೆ ಕುಳಿತು, ಶೇಂಗಾ ಚಟ್ನಿ ಹಚ್ಚಿದ ಬ್ರೆಡ್ಡು ನುಂಗಲಾರದೆ ಹೊಳೆ ನೋಡುವ ಈ ಒಂಟಿತನ ಮಾತ್ರ ಬಹಳ ಸುಡುತ್ತಿತ್ತು.

"ಶಿವಯೋಗೀಶ ಇದ್ರ ಛಲೋ ಇತ್ತು," ಅಂದ ಮಿಲಿಂದ ಒಂದು ಮಧ್ಯಾಹ್ನ.

"ವಿಯೆನ್ನಾಕ್ಕ ಬರ್ತಾರ," ಅಂದಳು ಮಾನಸಿ.

"ಗ್ರೂಪಿನಾಗ ಏನೂ ಹಾಕಿಲ್ಲಲ?" ಇಂದು ಹುಬ್ಬೇರಿಸಿದಳು.

"ನನಗ ಹೇಳ್ಯಾರ."

ಆ ‘ನನಗ’ ಕೇಳಿ ಇಂದು ಗಂಡನ ಮುಖ ನೋಡಿ ನಕ್ಕಳು. ಮಾನಸಿಗೂ ನಗು ಬಂತು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಬರ್ತೇನಿ ಅಂದವರನ್ನು ಎರಡನೇ ಸಲ ಕೇಳಿದರೆ ಬೆನ್ನು ಹತ್ತಿದಂತಾಗುತ್ತದಲ್ಲ ಎಂದು ಸುಮ್ಮನಿದ್ದಳು. ಗುಂಪಿಗೆ ಹಾಕಿದ ಫೋಟೊಗಳಿಗೆ ಅವನಿಂದ ಬರುತ್ತಿದ್ದುದು ‘ಛಲೋ ಐತಿ’ ಅಷ್ಟೇ. ಹಠಾತ್ತನೆ ಬಂದು ನಿಲ್ಲುವ ವಿಚಾರವಿರಬೇಕು ಅಂದುಕೊಂಡಳು.

ವಿಯೆನ್ನಾದಲ್ಲಿ ಅವನಿಗೊಂದು ಸೈಕಲ್ ಬಾಡಿಗೆಗೆ ಹಿಡಿದಳು. ಸವಾರ ಎಷ್ಟು ಎತ್ತರ ಎಂದು ಅಂಗಡಿಯವನು ಕೇಳಿದ. ಅವನಂತೆ ದಾರ ಕತ್ತರಿಸಿ ಇಟ್ಟುಕೊಂಡಿರಲಿಲ್ಲ ಅವಳು. ತನ್ನ ತಲೆಯ ಮೇಲೆ ಗಾಳಿಯಲ್ಲಿ ಕೈ ಹಿಡಿದು, ಇಷ್ಟು ಅಂತ ತೋರಿಸಿದಳು. ಕೈ ಇಳಿಸಲು ಮನಸ್ಸಾಗಲಿಲ್ಲ.

ವಿಮಾನ ನಿಲ್ದಾಣದಿಂದ ರೈಲುಗಳು ಬರುತ್ತಲೇ ಇದ್ದವು. ಪ್ಲಾಟ್‌ಫಾರ್ಮಿನಲ್ಲಿ ಅಪ್ಪಿಕೊಳ್ಳುವವರು ಅಪ್ಪಿಕೊಂಡು ಹೋದರು. ಮರುದಿನವೂ ಬಂದು ನಿಂತಳು. ಕೊನೆಗೆ ತಡೆಯಲಾರದೆ ಫೋನ್ ಮಾಡಿದಳು.

"ಎಲ್ಲಿದ್ದೀರಿ?"

"ಎಲ್ಲಿರ್ತೇನ್ರಿ, ತಾರಿಹಾಳದಾಗ." ಹಿಂದೆ ಲೇತ್ ಮಶೀನಿನ ಸದ್ದಿತ್ತು. "ಆರಾಮ ಅದೀರಲ್ಲ?"

"ನೀವು ಬರ್ತೇನಿ ಅಂದಿದ್ರಿ."

"ಎಲ್ಲಿಗ್ರಿ?"

"ವಿಯೆನ್ನಾಕ್ಕ. ಗೇಟಿನ ಮುಂದ. ನಾ ಬರ್ರಿ ಅಂದೆ, ನೀವು ಬರ್ತೇನ್ರಿ ಅಂದ್ರಿ."

ಮಶೀನಿನ ಸದ್ದು ನಿಂತಿತು. "ಮಾನಸಿಯವರ, ಅದು ನಾ ಹೊಂಟಾಗ ಅಂದದ್ದರಿ."

ನಮ್ಮ ಕಡೆ ಹೊರಟು ನಿಂತವರು ‘ಹೋಗ್ತೇನಿ’ ಅನ್ನುವುದಿಲ್ಲ ನೋಡಿ. ಹೋಗುವವನು ‘ಬರ್ತೇನಿ’ ಅನ್ನುತ್ತಾನೆ, ಕಳಿಸುವವರು ‘ಬರ್ರಿ’ ಅನ್ನುತ್ತಾರೆ. ಹಾಲು ಹಾಕುವವನಿಗೂ ಅದೇ ಬರ್ರಿ, ಪಾರ್ಸೆಲ್ ತಂದವನಿಗೂ ಅದೇ ಬರ್ರಿ. ವಿಯೆನ್ನಾವನ್ನು ಲಾರಿಯ ಹಾರನ್ ನುಂಗಿತ್ತು. ಅವನ ಪಾಲಿಗೂ ಅದೇ ಬರ್ರಿ ಉಳಿದಿತ್ತು.

"ಮಾಲು ಹೋಗಿ ಮೂರು ದಿನ ಆತು," ಅಂದ ಅವನು ಸಣ್ಣ ದನಿಯಲ್ಲಿ. "ಕೇಳಿಸಿದ್ರ ಬಂದೇ ಬಿಡ್ತಿದ್ದೆ. ಒಬ್ಬರರ ಕರೀಲಿ ಅಂತಿದ್ದೆ."

ಅವಳಿಗೆ ಅಳು ಬಂತು. ಎಲ್ಲ ಹೇಳಿಬಿಡುವುದೆಂದು ಸಾಗರ ದಾಟಿ ಬಂದಾಕೆ, "ಇರಲಿ ಬಿಡ್ರಿ," ಎಂದಷ್ಟೇ ಹೇಳಿ ಫೋನ್ ಇಟ್ಟಳು. ಯಾರೂ ತುಳಿಯದ ಸೈಕಲ್ಲನ್ನು ಅಂಗಡಿಗೆ ತಿರುಗಿ ಕೊಟ್ಟಾಗ ಇಂದು ಜೊತೆಗೆ ಬಂದಳು.

ಊರಿಗೆ ಮರಳಿದ ಮರುದಿನ ಬೆಳಿಗ್ಗೆ ಗೇಟಿನಾಚೆ ಅದೇ ಟಿಕ್‌ಟಿಕ್ ಬಂದು ನಿಂತಿತು. ಮಾನಸಿ ಹೊರಗೆ ಬಂದಳು. ಹೊಳೆಗುಂಟ ಎಷ್ಟು ಸಲ ಹೊರಳಿ ನೋಡಿದ್ದಳೋ, ಆ ಮುಖ ಈಗ ಎದುರಿಗಿತ್ತು. ಅದೂ ಅವಳಷ್ಟೇ ಬಾಡಿತ್ತು.

"ಹೆಲ್ಮೆಟ್ ಎಲ್ಲಿ?"

"ಹಾಕಿಲ್ರಿ. ಇವತ್ತರ ಸರಿಯಾಗಿ ಕೇಳಿಸ್ಲಿ ಅಂತ."

ಬರ್ರಿ ಅನ್ನಲು ಹೋದಳು. ನಾಲಿಗೆಯ ತುದಿಗೆ ಬಂದದ್ದನ್ನು ತಡೆದಳು. ಆ ಮಾತು ಊರಿಗೆಲ್ಲ ಸಲ್ಲುವುದು.

"ಬಾ," ಅಂದಳು.

ಗೇಟಿನ ಮೇಲೆ ಕೈ ಇಟ್ಟವನು ಹಾಗೆಯೇ ನಿಂತ. "ಏನಂದ್ರಿ?"

"ಕೇಳಿಸ್ತಲ್ಲ."

"ಕೇಳಿಸ್ತು. ಇನ್ನೊಮ್ಮೆ ಅನ್ರಿ."

"ಒಳಗ ಬಾ, ಶಿವಯೋಗೀಶ. ಚಹಾ ಇಡ್ತೀನಿ."

ಇಷ್ಟು ದಿನ ಹೊರಗೇ ನಿಲ್ಲುತ್ತಿದ್ದ ಸೈಕಲ್ಲನ್ನು ಅವನು ಗೇಟಿನೊಳಗೆ ತಂದು ಗೋಡೆಗೆ, ಅವಳ ಸೈಕಲ್ಲಿನ ಪಕ್ಕ ಆನಿಸಿದ. ಆಮೇಲೆ ತಿರುಗಿ ಹೋಗಿ, ಗೇಟಿನ ಚಿಲಕ ತಾನೇ ಹಾಕಿ ಬಂದ.