ಅರ್ಧ ವಚನ

"ಅದನ್ನ ಯಾಕ ಕೈಯಾಗ ಹಿಡಕೊಂಡು ಕೂತೀಯವಾ? ಸುತ್ತಿ ಡಬ್ಬಿಯೊಳಗ ಹಾಕು," ಎಂದರು ಇಂದಿರಮ್ಮಜ್ಜಿ.

ಪ್ರತೀಕ್ಷಾ ಬೆಚ್ಚಿದಳು. ಅವಳ ಕೈಯಲ್ಲಿ ಬೆರಳುದ್ದದ ಒಂದು ಚೀಟಿ ಇತ್ತು. ಅದರ ಮೇಲೆ ಅಜ್ಜಿಯ ನಡುಗುವ ಅಕ್ಷರದಲ್ಲಿ ಒಂದೇ ಸಾಲು: 'ನಿಮ್ಮನ್ನು ನಿಮ್ಮ ಊರಿಗೆ ತಿರುಗಿ ಕರೆತರುವೆನು.' ಕೆಳಗೆ ಇರುವೆಯಷ್ಟು ಸಣ್ಣದಾಗಿ ಅಧ್ಯಾಯ, ವಚನದ ನಂಬರ್.

"ಸುತ್ತುತ್ತಾ ಇದ್ದೇನೆ ಅಜ್ಜಿ."

ಸುತ್ತಿದಳು. ಆದರೆ ಅಜ್ಜಿ ಚಹಾ ತರಲು ಒಳಗೆ ಹೋದದ್ದೇ ತಡ, ಚೀಟಿಯ ತುದಿಯನ್ನು ಬಾಯಿಗಿಟ್ಟು ಕಚಕ್ಕನೆ ಕಚ್ಚಿದಳು. ತುದಿ ಚಪ್ಪಟೆಯಾಯಿತು. ಇನ್ನು ಕಣ್ಣು ಮುಚ್ಚಿ ಕೈ ಹಾಕಿದರೂ ಅದು ಸಿಕ್ಕೇ ಸಿಗುತ್ತದೆ!

ಇವು ವಾಗ್ದಾನದ ಚೀಟಿಗಳು. ಹೊಸ ವರ್ಷದ ಮೊದಲ ಆರಾಧನೆಯಲ್ಲಿ ಎಲ್ಲರೂ ಒಂದೊಂದು ಎತ್ತುತ್ತಾರೆ. ಬಂದ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಅದನ್ನು ಬೈಬಲ್ಲಿನೊಳಗೆ ಇಟ್ಟುಕೊಳ್ಳಬೇಕು. ಇಷ್ಟವಾಗಲಿಲ್ಲ ಎಂದು ವಾಪಸ್ ಹಾಕಿ ಇನ್ನೊಂದು ಎತ್ತುವಂತಿಲ್ಲ. ಊರಿನಲ್ಲಾದರೆ ಅಚ್ಚಾದ ಚಂದದ ಕಾರ್ಡುಗಳು ಸಿಗುತ್ತವೆ. ಕೋಲ್ಕತ್ತಾದಲ್ಲಿ ಕನ್ನಡದ ಕಾರ್ಡನ್ನು ಯಾರು ಮಾರುತ್ತಾರೆ? ಹಾಗಾಗಿ ಇಂದಿರಮ್ಮಜ್ಜಿಯೇ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಬರೆಯುತ್ತಿದ್ದರು. ಇಪ್ಪತ್ತಮೂರು ಜನಕ್ಕೆ ಇಪ್ಪತ್ತಮೂರು ಚೀಟಿ. ಎಲ್ಲರೂ ಎತ್ತಿ ಕೊನೆಗೆ ಉಳಿದದ್ದು ಅಜ್ಜಿಯದು.

"ವಚನ ಉದ್ದ ಇದ್ರೆ ಎಂತ ಮಾಡ್ತೀರಿ ಅಜ್ಜಿ?" ಚಹಾ ಬಂದ ಮೇಲೆ ಪ್ರತೀಕ್ಷಾ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಎಷ್ಟು ಹಿಡಸ್ತದ ಅಷ್ಟ ಬರಿಯೂದು," ಎಂದರು ಅಜ್ಜಿ, ಪೆನ್ನಿನ ಕ್ಯಾಪ್ ಹುಡುಕುತ್ತಾ.

ಕಳೆದ ವರ್ಷ ಆ 'ಊರಿನ ಚೀಟಿ' ಇದೇ ಆರಾಧನೆಗೆ ಬರುತ್ತಿದ್ದ ಗೆಳತಿ ಶ್ರಾವ್ಯಾಗೆ ಬಂದಿತ್ತು. ಜೂನ್‌ನಲ್ಲಿ ಅವಳ ಅಪ್ಪನಿಗೆ ಮೈಸೂರಿಗೆ ಟ್ರಾನ್ಸ್‌ಫರ್ ಆಯಿತು! "ನನ್ನ ಚೀಟಿ ವರ್ಕ್ ಆಯ್ತು ಕಣೇ," ಎಂದು ಅವಳು ಫೋನಿನಲ್ಲಿ ಕುಣಿದಾಡಿದ್ದಳು. ಅವತ್ತು ಪ್ರತೀಕ್ಷಾ ನಗುನಗುತ್ತಲೇ ಮಾತಾಡಿ, ಫೋನ್ ಇಟ್ಟ ಮೇಲೆ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದಳು.

ಪಪ್ಪನ ಕೇಂದ್ರ ಸರ್ಕಾರದ ಆಫೀಸು ಸಾಲ್ಟ್ ಲೇಕ್‌ನಲ್ಲಿ. ಅವರು ಉಡುಪಿ ಬಿಟ್ಟು ಎರಡು ವರ್ಷವಾಗಿತ್ತು. ಉಡುಪಿಯಲ್ಲಿ ಭಾನುವಾರವೆಂದರೆ ಊರಿನ ಅಜ್ಜಿಯ ಪಕ್ಕದ ಜಾಗ. ಮುನ್ನೂರು ಜನ ಒಟ್ಟಿಗೆ ಎದ್ದು ಹಾಡಿದರೆ ಮುಂದಿನ ಬೆಂಚಿನ ಮರ ಕೂಡ ಗುಂಯ್ ಎನ್ನುತ್ತಿತ್ತು. ಪ್ರತೀಕ್ಷಾ ಅದರ ಮೇಲೆ ಅಂಗೈ ಇಟ್ಟುಕೊಂಡೇ ಹಾಡುತ್ತಿದ್ದಳು.

ಇಲ್ಲಿ ತಿಂಗಳ ಮೊದಲ ಭಾನುವಾರ ಮಾತ್ರ ಕನ್ನಡ ಆರಾಧನೆ. ಉಳಿದ ಭಾನುವಾರ ಇಂಗ್ಲಿಷ್ ಸರ್ವಿಸ್. ಅಲ್ಲಿಯ ಜನ ಪಾಪ, ಒಳ್ಳೆಯವರೇ. ಕೈಕುಲುಕುತ್ತಾರೆ, ಕೇಕ್ ಕೊಡುತ್ತಾರೆ. ಆದರೆ ಪ್ರತೀಕ್ಷಾ ಬರೀ ಬಾಯಿ ಆಡಿಸುತ್ತಿದ್ದಳು. ಅವಳಿಗೆ ಊರು ಬೇಕಿತ್ತು. ಊರಿನ ಹಾಡು ಬೇಕಿತ್ತು.

ಜನವರಿಯ ಮೊದಲ ಭಾನುವಾರ ಬಂತು. ಒಂದು ಬಂಗಾಳಿ ಚರ್ಚಿನವರು ತಮ್ಮ ಹಿಂದಿನ ಕೋಣೆಯನ್ನು ಕನ್ನಡದವರಿಗೆ ಬಿಟ್ಟುಕೊಡುತ್ತಿದ್ದರು. ಬಾರಾನಗರದಲ್ಲಿ ರಿಸರ್ಚ್ ಮಾಡುವ ಶಶಾಂಕಣ್ಣ ಗಿಟಾರ್ ಹಿಡಿದ. ಹಾಡು ಶುರುವಾಯಿತು, ಎಂದಿನಂತೆ ಜಗಳವೂ ಶುರುವಾಯಿತು. ಉಡುಪಿಯವರದು ಒಂದು ರಾಗ, ಧಾರವಾಡ ಕಡೆಯವರದು ಇನ್ನೊಂದು. ಉಡುಪಿಯವರು ಹಾಡಿ ಮುಗಿಸಿ ಕೂತರೂ ಇಂದಿರಮ್ಮಜ್ಜಿ ಒಬ್ಬರೇ ಕಣ್ಣು ಮುಚ್ಚಿ ಕೊನೆಯ ಸಾಲನ್ನು ಎಳೆಯುತ್ತಿದ್ದರು. ಶಶಾಂಕಣ್ಣ ಅವರಿಗಾಗಿ ತಂತಿ ಮೀಟುತ್ತಾ ಕಾಯುತ್ತಿದ್ದ.

ಪ್ರಾರ್ಥನೆಯ ನಂತರ ಡಬ್ಬಿ ಹೊರಟಿತು. ಚಿಕ್ಕವರು ಮೊದಲು. ಐದು ವರ್ಷದ ತಮ್ಮ ಅಭಯ ಎರಡು ಎತ್ತಿ, ಒಂದನ್ನು ವಾಪಸ್ ಕೊಡಲೊಲ್ಲದೆ ಗಲಾಟೆ ಮಾಡಿದ. ಆಮೇಲೆ ಪ್ರತೀಕ್ಷಾ ಕೈ ಹಾಕಿದಳು. ಉರುಟು, ಉರುಟು, ಇದೂ ಉರುಟು... ಇಗೋ, ಚಪ್ಪಟೆ!

ಗಟ್ಟಿಯಾಗಿ ಓದಿದಳು. ಕೋಣೆಯಲ್ಲಿ "ಆಹಾ!" ಎಂದು ಒಂದೇ ಸದ್ದು.

"ಸುಮಂತಣ್ಣ, ಬ್ಯಾಗ್ ಪ್ಯಾಕ್ ಮಾಡಿ!" ಎಂದ ಶಶಾಂಕಣ್ಣ, ಪಪ್ಪನ ಕಡೆ ತಿರುಗಿ. ಪಪ್ಪ ನಕ್ಕರು. ಅಮ್ಮ ಪಪ್ಪನ ಮುಖ ನೋಡಿದಳು.

ಡಬ್ಬಿ ಒಬ್ಬೊಬ್ಬರ ಹತ್ತಿರವೂ ಹೋಗಿ, ಕೊನೆಗೆ ಒಂದೇ ಚೀಟಿಯೊಂದಿಗೆ ಇಂದಿರಮ್ಮಜ್ಜಿಯ ಮಡಿಲಿಗೆ ಬಂತು. ಅವರು ಅದನ್ನು ಬಿಡಿಸಲು ಹೊತ್ತು ಮಾಡಿದರು. ಆಮೇಲೆ ಓದಿದರು. ಮುಪ್ಪಿನ ತನಕ ನಿನ್ನನ್ನು ನಾನೇ ಹೊತ್ತುಕೊಳ್ಳುವೆ ಎಂಬ ಮಾತು ಅದರಲ್ಲಿತ್ತು.

"ಹೊರಲಿ ಬಿಡ್ರಿ. ನನ್ನ ಮೊಣಕಾಲಿಗೆ ಅದ ಬೇಕಾಗೇತಿ," ಎಂದರು. ಎಲ್ಲರೂ ನಕ್ಕರು.

ನಗು ನಿಂತ ಮೇಲೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಈ ವರ್ಷಾನೂ ಅಲ್ಲ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಪಕ್ಕದಲ್ಲೇ ಕೂತಿದ್ದ ಪ್ರತೀಕ್ಷಾಗೆ ಅದು ಕೇಳಿಸಿತು.

ಮನೆಗೆ ಬರುವಾಗ ಆಟೋದಲ್ಲಿ ಅಮ್ಮನನ್ನು ಕೇಳಿದಳು, "ಈ ವರ್ಷಾನೂ ಅಲ್ಲ ಅಂದ್ರೆ ಎಂತಮ್ಮ?"

"ಅಯ್ಯೋ, ಅದಾ? ಪಾಪ, ಅವರು ಬೆಟಗೇರಿಯವರಲ್ವಾ? ಇಲ್ಲಿಗೆ ಬಂದು ನಲವತ್ತಾರು ವರ್ಷ ಆಯ್ತಂತೆ. ರೈಲ್ವೆಯಲ್ಲಿದ್ದ ಗಂಡ ಶ್ಯಾಮಸುಂದರ ಅವರು ತೀರಿಕೊಂಡ ಮೇಲೆ ಊರಿಗೆ ಹೋಗ್ಲಿಕ್ಕೇ ಆಗ್ಲಿಲ್ಲ. ಮಗ ಮುಂದಿನ ವರ್ಷ, ಮುಂದಿನ ವರ್ಷ ಅಂತ ಹೇಳುದು. ಅವರಿಗೆ ಮದುವೆಯಾದ ಚರ್ಚಲ್ಲಿ ಒಂದು ಸಲ ಕೂತು ಹಾಡ್ಬೇಕಂತೆ. ಪ್ರತಿ ವರ್ಷ ಆ ಊರಿನ ಚೀಟಿ ಬರೀತಾರೆ, ಒಂದು ಸಲವಾದ್ರೂ ಕೊನೆಗೆ ಅದೇ ಉಳಿದೀತು ಅಂತ. ನನ್ನ ಹತ್ರ ನಗಾಡ್ತಾ ಹೇಳಿದ್ರು ಮಾರಾಯ್ತಿ, ನನಗೇ ಅಳು ಬಂತು."

ಪ್ರತೀಕ್ಷಾಳ ಚೀಟಿ ಸ್ವೆಟರಿನ ಜೇಬಿನಲ್ಲಿತ್ತು. ಮನೆ ಬರುವವರೆಗೂ ಅದನ್ನು ಮುಟ್ಟಲು ಅವಳಿಗೆ ಮನಸ್ಸಾಗಲಿಲ್ಲ.

ರಾತ್ರಿ ಊಟ ರುಚಿಸಲಿಲ್ಲ. ಮರುದಿನ ಸ್ಕೂಲಿನಲ್ಲಿ ಮ್ಯಾತ್ಸ್ ತಲೆಗೆ ಹೋಗಲಿಲ್ಲ. ಚೀಟಿಯನ್ನು ವಾಪಸ್ ಕೊಟ್ಟರೆ ಕಚ್ಚಿದ್ದು ಗೊತ್ತಾಗುತ್ತದೆ. ಕೊಡದಿದ್ದರೆ ಅಜ್ಜಿಯ ಆ ಮಾತು ಕಿವಿಯಿಂದ ಹೋಗುವುದಿಲ್ಲ. ಸಂಜೆಯ ಹೊತ್ತಿಗೆ ಅವಳಿಗೊಂದು ಐಡಿಯಾ ಹೊಳೆಯಿತು. ಅದೇ ವಚನವನ್ನು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಬರೆದು, ಸುತ್ತ ಹೂವಿನ ಚಿತ್ರ ಬಿಡಿಸಿ ಅಜ್ಜಿಗೆ ಕೊಟ್ಟರೆ? ಆಗ ಇಬ್ಬರಿಗೂ ಒಂದೊಂದು ಆಗುತ್ತದೆ.

ಸ್ಪೆಲ್ಲಿಂಗ್ ತಪ್ಪಬಾರದೆಂದು ಪಪ್ಪನ ಕನ್ನಡ ಬೈಬಲನ್ನು ಇಳಿಸಿದಳು. ಮೂರನೇ ಕ್ಲಾಸಿಗೆ ನಿಂತ ಕನ್ನಡ ಅವಳದು. ನಂಬರ್ ಹುಡುಕಿ, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

ಚೀಟಿಯಲ್ಲಿದ್ದದ್ದು ವಚನದ ಬಾಲ ಮಾತ್ರ! ಅದರ ತಲೆ ಬೇರೆಯೇ ಇತ್ತು. ಎಪ್ಪತ್ತು ವರ್ಷ ತುಂಬಿದ ಮೇಲೆ ಕರೆತರುತ್ತೇನೆ ಎಂದಿತ್ತು.

ಎಪ್ಪತ್ತು ವರ್ಷ!

ಪ್ರತೀಕ್ಷಾ ಲೆಕ್ಕ ಹಾಕಿದಳು. ಎರಡು ಆಗಿದೆ. ಇನ್ನು ಅರವತ್ತೆಂಟು. ಆಗ ತನಗೆ ಎಪ್ಪತ್ತೆಂಟು! ಅವಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟಕ್ಕೆ ಕಳ್ಳತನ ಬೇರೆ ಮಾಡಿದೆನಲ್ಲ! ದೇವರು ಯಾರಿಗೆ ಹೀಗೆ ಹೇಳಿದ್ದು? ಯಾಕೆ ಹೇಳಿದ್ದು? ಅವಳು ಪುಟದ ಮೇಲಕ್ಕೆ ಹೋದಳು.

ಅದೊಂದು ಕಾಗದ. ಒಬ್ಬ ಪ್ರವಾದಿ ಬರೆದದ್ದು. ಯುದ್ಧದಲ್ಲಿ ಸೋತ ಜನರನ್ನು ಬಾಬೆಲ್ ಎಂಬ ದೂರದ ಊರಿಗೆ ಹಿಡಿದುಕೊಂಡು ಹೋಗಿದ್ದರು. ಅವರಿಗೂ ಊರಿಗೆ ಹೋಗುವ ಆಸೆ. ಎಷ್ಟೋ ಪದಗಳು ಅವಳಿಗೆ ಗೊತ್ತಿರಲಿಲ್ಲ. ಆದರೂ ನಿಲ್ಲಿಸಲು ಮನಸ್ಸು ಬರಲಿಲ್ಲ. ಆ ಜನರಿಗೆ ಏನಾಯಿತು? ಅಲ್ಲಿ ಮನೆ ಕಟ್ಟಿಕೊಳ್ಳಿ ಎಂದಿದ್ದ ಪ್ರವಾದಿ. ತೋಟ ಮಾಡಿ, ಅದರ ಹಣ್ಣು ತಿನ್ನಿ. ನೀವು ಇರುವ ಆ ಪಟ್ಟಣಕ್ಕಾಗಿ ದೇವರನ್ನು ಬೇಡಿಕೊಳ್ಳಿ, ಅದು ಸುಖವಾಗಿದ್ದರೆ ನೀವೂ ಸುಖವಾಗಿರುತ್ತೀರಿ.

"ಪ್ರತೀಕ್ಷಾ, ಹಾಲು ತಣ್ಣಗಾಯ್ತು!" ಅಡುಗೆಮನೆಯಿಂದ ಅಮ್ಮ ಎರಡನೇ ಸಲ ಕೂಗಿದಳು.

ಅವಳಿಗೆ ಕೇಳಿಸಲೇ ಇಲ್ಲ. ಯಾರೂ ಓದು ಎನ್ನದೆ ಅವಳು ಬೈಬಲ್ ಓದಿದ್ದು ಅದೇ ಮೊದಲು. ಸಾವಿರಾರು ವರ್ಷಗಳ ಹಿಂದೆಯೂ ಯಾರೋ ತನ್ನ ಹಾಗೆಯೇ ಊರು ಬೇಕು ಎಂದು ಅತ್ತಿದ್ದರು. ದೇವರು ಅದನ್ನು ಕೇಳಿಸಿಕೊಂಡು ಅವರಿಗೆ ಕಾಗದ ಬರೆಸಿದ್ದ. ಆ ಕಾಗದ ಈಗ ತನ್ನ ಕೈಗೇ ಬಂದ ಹಾಗೆ ಅವಳಿಗೆ ಖುಷಿಯಾಯಿತು.

ಮರುದಿನ ಸ್ಕೂಲ್ ಬಸ್ಸಿನಿಂದ ಇಳಿದು, ಅಮ್ಮನಿಗೆ ಹೇಳಿ, ಎರಡು ಬ್ಲಾಕ್ ಆಚೆಗಿದ್ದ ಇಂದಿರಮ್ಮಜ್ಜಿಯ ಮನೆಗೆ ಓಡಿದಳು. ಚಪ್ಪಲಿ ಬಿಚ್ಚುವ ಮೊದಲೇ ಚೀಟಿಯನ್ನು ಮುಂದೆ ಚಾಚಿದಳು.

"ಅಜ್ಜಿ, ನಾನು ಕಚ್ಚಿ ಗುರುತು ಮಾಡಿದ್ದು. ಚೀಟಿಂಗ್ ಮಾಡಿದೆ. ಇದು ನಿಮ್ಮದು."

ಅಜ್ಜಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಬಬಬ! ಇಲಿ ಕಡದಂಗ ಕಡದೀಯಲ್ಲ!" ಎಂದು ನಗತೊಡಗಿದರು.

ಬೈಗುಳಕ್ಕೆ ತಯಾರಾಗಿ ಬಂದಿದ್ದ ಪ್ರತೀಕ್ಷಾಗೆ ಆ ನಗು ನೋಡಿ ಅಳುವೇ ಬಂತು. ಅಳುತ್ತಲೇ ಜಗಳಕ್ಕೆ ನಿಂತಳು.

"ನೀವೂ ಚೀಟಿಂಗ್ ಮಾಡಿದ್ದೀರಿ! ಅರ್ಧ ಮಾತ್ರ ಬರ್ದದ್ದು. ಎಪ್ಪತ್ತು ವರ್ಷ ಅಂತ ಬರೀಲೇ ಇಲ್ಲ. ನಾನು ಫುಲ್ ಓದಿದೆ."

ಅಜ್ಜಿಯ ನಗು ನಿಂತಿತು. "ಚೀಟಿ ಸಣ್ಣದಿತ್ತವಾ..." ಎಂದರು. ಆಮೇಲೆ ತಾವೇ ತಲೆಯಾಡಿಸಿ, "ಅಲ್ಲ. ಸುಳ್ಳ್ಯಾಕ ಹೇಳ್ಲಿ? ಆ ಮಾತು ಬರಿಲಿಕ್ಕ ನನಗ ಕೈ ಬರ್ಲಿಲ್ಲ."

"ನಿಮಗೆ ಇನ್ನು ಇಪ್ಪತ್ತನಾಲ್ಕು ವರ್ಷ ಉಂಟು. ನಾನು ಲೆಕ್ಕ ಮಾಡಿದೆ."

"ಹೌದನು? ಅಷ್ಟೊತ್ತಿಗೆ ನನಗ ತೊಂಬತ್ನಾಕು!" ಅಜ್ಜಿಗೆ ಮತ್ತೆ ನಗು ಬಂತು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಬೈಬಲನ್ನು ಅವಳ ಮುಂದಿಟ್ಟರು. "ಓದು. ಪೂರ್ತಿ ಓದು. ನಿನ್ನ ಬಾಯಿಂದ ಕೇಳ್ತೀನಿ."

ಎರಡನೇ ಸಲ ಓದುವಾಗ ಅಷ್ಟು ಕಷ್ಟವಾಗಲಿಲ್ಲ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಅಜ್ಜಿ ಅರ್ಥ ಹೇಳಿದರು. ಪಟ್ಟಣಕ್ಕಾಗಿ ಬೇಡಿಕೊಳ್ಳುವ ಮಾತು ಬಂದಾಗ ಪ್ರತೀಕ್ಷಾ ತಲೆ ಎತ್ತಿದಳು.

"ಅಜ್ಜಿ, ನೀವು ಕೋಲ್ಕತ್ತಾಗೋಸ್ಕರ ಪ್ರೇಯರ್ ಮಾಡ್ತೀರಾ?"

"ದಿನಾ. ಮೊದಮೊದಲ ಸಿಟ್ಟಿಲೇ ಮಾಡ್ತಿದ್ದೆ."

"ಈಗ?"

"ಈಗ ಸಿಟ್ಟು ಹೋಗೇತಿ," ಎಂದರು ಅಜ್ಜಿ, ಚೀಟಿಯ ಚಪ್ಪಟೆ ತುದಿಯನ್ನು ಉಗುರಿನಿಂದ ನೇರ ಮಾಡುತ್ತಾ. "ಆಸೆ ಹೋಗಿಲ್ಲ."

ಪ್ರತೀಕ್ಷಾ ಭಾನುವಾರದ ಹಾಡನ್ನು ಶುರು ಮಾಡಿದಳು, ಉಡುಪಿಯ ರಾಗದಲ್ಲಿ. ಅಜ್ಜಿ ತಮ್ಮ ರಾಗದಲ್ಲಿ ಸೇರಿಕೊಂಡರು. ಎರಡೂ ಕೂಡಲಿಲ್ಲ. ಪ್ರತೀಕ್ಷಾ ಎರಡನೇ ಸಾಲಿಗೆ ಬಂದು ನಿಂತು, ಅಜ್ಜಿ ಬರುವವರೆಗೂ ಕಾದು, ಅವರ ಜೊತೆಗೇ ಎಳೆದು ಹಾಡಿದಳು. ಎರಡೇ ಗಂಟಲು. ಆದರೂ ಹಾಡು ಹೊಟ್ಟೆಯ ಆಳದಿಂದ ಬಂತು. ಎರಡು ವರ್ಷಗಳಿಂದ ಅವಳು ಹಾಗೆ ಹಾಡಿರಲಿಲ್ಲ.

ಸಂಜೆ ಮನೆಯಲ್ಲಿ, ಊಟಕ್ಕೆ ಮುಂಚೆ, ನಾಲ್ವರೂ ಚಾಪೆಯ ಮೇಲೆ ಕೂತರು. ಪಪ್ಪನ ಪ್ರಾರ್ಥನೆಯಾಯಿತು, ಅಮ್ಮನದಾಯಿತು. ಪ್ರತೀಕ್ಷಾ ಕಣ್ಣು ಮುಚ್ಚಿದಳು.

"ದೇವರೇ, ಇಂದಿರಮ್ಮಜ್ಜಿಯನ್ನು ಬೆಟಗೇರಿಗೆ ಕರ್ಕೊಂಡು ಹೋಗು. ಇಪ್ಪತ್ತನಾಲ್ಕು ವರ್ಷ ಕಾಯಿಸ್ಬೇಡ, ಅವರ ಮೊಣಕಾಲು ಸರಿ ಇಲ್ಲ," ಎಂದಳು.

ಆಮೇಲೆ ತನ್ನದನ್ನು ಕೇಳಬೇಕಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು. ಊರು ಬೇಕೆಂಬ ಆಸೆ ಅವಳಿಗೇನೂ ಕಡಿಮೆಯಾಗಿರಲಿಲ್ಲ. ಮೊದಲು ಈ ಊರಿನದನ್ನು ಮುಗಿಸಿಬಿಡೋಣ, ತನ್ನದು ಕೊನೆಗಿರಲಿ ಎಂದುಕೊಂಡಳು.

"ಕ್ಲಾಸಿನ ಮೌಶುಮಿಗೆ ಜ್ವರ ಬಿಡ್ಲಿ. ಮನೆಗೆಲಸದ ಮಾಶಿಯ ಮಗಳು ಪರೀಕ್ಷೆಯಲ್ಲಿ ಪಾಸಾಗ್ಲಿ. ಸ್ಕೂಲ್ ಬಸ್ ಓಡಿಸುವ ಕಾಕು ಸ್ವೆಟರ್ ಹಾಕುದಿಲ್ಲ, ಅವರಿಗೆ ಚಳಿಯಾಗ್ತದೆ. ನಮಗೆ ರೂಮ್ ಕೊಟ್ಟ ಚರ್ಚಿನವರನ್ನು ಚಂದ ಇಡು. ಮತ್ತೆ ನಮ್ಮ ಗೇಟು ಕಾಯುವ ದರ್ವಾನ್..."

"ಆಮೆನ್ ಹೇಳಕ್ಕ," ಅಭಯ ಅವಳ ತೊಡೆ ಚಿವುಟಿದ. "ಹಸಿವಾಗ್ತದೆ."

"ಇರು ಮಾರಾಯ," ಎಂದಳು ಪ್ರತೀಕ್ಷಾ, ಕಣ್ಣು ತೆರೆಯದೆ. "ಇನ್ನೂ ತುಂಬಾ ಜನ ಇದ್ದಾರೆ."