ಎಂಟನೇ ಅಂತಸ್ತಿನ ಟೊಳ್ಳು

“ಸಾಹೇಬ್ರ, ಟೊಳ್ಳು ಗ್ವಾಡಿ ಮುಂದ ನಿಂತು ಗಟ್ಟಿ ಅದ ಅಂತ ಬಾಯಿ ಬಿಡಬ್ಯಾಡ್ರಿ. ಮಾಟ ಮಾಡೀನಿ. ಸುಳ್ಳು ಹೇಳಿದವನ ದನಿ ಅದರೊಳಗೇ ಉಳೀತದ.”

ಕಾಂಕ್ರೀಟ್ ಹೊರುವ ಶೇಖಮ್ಮನ ಮಾತಿಗೆ, ಹೊಸದಾಗಿ ಬಂದ ಕ್ವಾಲಿಟಿ ಇಂಜಿನಿಯರ್ ಅಮಾತೆಪ್ಪ ನಕ್ಕುಬಿಟ್ಟ.

“ಅಷ್ಟು ಮಂತ್ರ ಬರ್ತಿದ್ರ ಬುಟ್ಟಿ ಯಾಕವ್ವಾ ತಲಿಮ್ಯಾಲ ಹೊರ್ತಿ? ಹಾರಿಸಿಕೊಂಡು ಒಯ್ಯಿ!”

ಅವಳು ನಗಲಿಲ್ಲ. ಹೋದ ಬೇಸಿಗೆಯಲ್ಲಿ ಅವಳ ಗಂಡ ತಾಯಪ್ಪ ಇದೇ ಲಿಫ್ಟ್ ಗುಂಡಿಯಲ್ಲಿ, ಟೊಳ್ಳು ಮುಚ್ಚಿ ಗಾರೆ ಬಳಿದ ಗೋಡೆ ಕಳಚಿಬಿದ್ದು ಸತ್ತಿದ್ದ. ಅದನ್ನು ಗಟ್ಟಿ ಅದ ಎಂದು ಪಾಸು ಮಾಡಿದ ದೊಡ್ಡ ಮನುಷ್ಯರು ಜೀಪು ಹತ್ತಿ ಹೋಗಿದ್ದರು. ಅವರ ನಾಲಿಗೆಗೆ ಏನೂ ಆಗಲಿಲ್ಲ. ಆಗಬೇಕಿತ್ತು.

ಶಹಾಪುರದ ಹೊರಗೆ, ಕಾಲುವೆ ದಂಡೆಯಲ್ಲಿ ಏಳುತ್ತಿದ್ದ ಆ ಬಹುಮಹಡಿ ಕಟ್ಟಡವನ್ನು ಗಾಳಿಗೆ ಅಲುಗದಂತೆ ಹಿಡಿಯಬೇಕಾದದ್ದೇ ಗುಂಡಿ ಸುತ್ತಲಿನ ಈ ಕಾಂಕ್ರೀಟ್ ಗೋಡೆಗಳು. ಮಧ್ಯಾಹ್ನ. ಮಂದಿಯೆಲ್ಲ ಕೆಳಗಿನ ಅಂತಸ್ತಿನಲ್ಲಿ ರೊಟ್ಟಿ ಬಿಚ್ಚಿದ್ದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಗುಂಡಿಯೊಳಗೆ ಕತ್ತಲು, ಹಸಿ ಸಿಮೆಂಟಿನ, ಡೀಸೆಲ್ಲಿನ, ಕೊಳೆತ ನೀರಿನ ನಾತ. ಅಮಾತೆಪ್ಪ ಒಬ್ಬನೇ ಎಂಟನೇ ಅಂತಸ್ತಿನ ಅಟ್ಟಣಿಗೆ ಮೇಲೆ ಸುತ್ತಿಗೆಯಿಂದ ಗೋಡೆ ಬಡಿಯುತ್ತ ಬಂದ. ಠಣ್. ಠಣ್. ಡಬ್.

ಟೊಳ್ಳು. ಒಡೆಸಿದರೆ ಕೆಲಸ ವಾರ ಹಿಂದೆ ಬೀಳುತ್ತದೆ, ಮೇಲಿನವರು ಉಗಿಯುತ್ತಾರೆ.

ಕೆಳಗಿನಿಂದ ಮೇಸ್ತ್ರಿ ಯೂನುಸ ಕೂಗಿದ: “ಹ್ಯಾಂಗ ಅದರೀ ಸಾಹೇಬ್ರ?”

“ಗಟ್ಟಿ ಅದ!”

“ಗಟ್ಟಿ ಅದ,” ಅಂದಿತು ಗೋಡೆ. ಅವನದೇ ದನಿ. ಆಮೇಲೆ ಅದು ಕೆಮ್ಮಿತು. ಅವನು ಕೆಮ್ಮಿರಲಿಲ್ಲ.

ಯಾರದು ಅನ್ನಲು ಬಾಯಿ ತೆರೆದ. ಬರೀ ಉಸಿರು ಬಂತು.

“ಯಾರದು?” ಎಂದಿತು ಗೋಡೆ.

ಉಳಿ ಹಿಡಿದ. ಬಡಿದ. ಚೂರು ಹಾರಿತು. ಬಡಿದ. ಬೆರಳು ಒಡೆಯಿತು. ಬಡಿದ. ತೂತು ಬಿತ್ತು. ಒಳಗೆ ಬೋಳು ಜಲ್ಲಿ, ತುಕ್ಕು ಕಬ್ಬಿಣ, ಆಚೆ ಅವನದೇ ಅಳು. ಕೈ ತೂರಿಸಿದ. ಗೋಡೆ ಒಂದು ಗೇಣು ದಪ್ಪ. ಕೈ ಭುಜದತನಕ ಹೋಯಿತು. ಏನೂ ಸಿಗಲಿಲ್ಲ.

ಊಟ ಮುಗಿಸಿ ಬಂದ ಯೂನುಸ ತೂತು ಕಂಡು ಹಲ್ಲು ಕಿರಿದ. “ಗಟ್ಟಿ ಅದ ಅಂದು ನನ್ನೇ ಪರೀಕ್ಷಾ ಮಾಡಿದ್ರೇನ್ರಿ? ಈಗೇ ತುಂಬಿಸ್ತೀನಿ ತಗೋರಿ.”

ಅಮಾತೆಪ್ಪ ಅಡ್ಡ ನಿಂತ. ಕೈ ಬೀಸಿದ. ದನಿಯಿಲ್ಲದ ತುಟಿ ಅಲ್ಲಾಡಿಸಿದ.

“ಬಿಸಲಿಗೆ ತಲಿ ತಿರುಗ್ಯಾದ ಸಾಹೇಬ್ರಿಗೆ. ಹಿಡಿದು ಕೂಡ್ರಸ್ರೋ!”

ತೂತಿಗೆ ಅಡ್ಡ ಹಲಗೆ ಹೊಡೆದರು. ಕಾಂಕ್ರೀಟ್ ಅದುಮುವ ವೈಬ್ರೇಟರ್ ಗುರ್ರೆಂದಿತು. ಅದರ ಸದ್ದಿನಡಿ ಗೋಡೆಯೊಳಗಿಂದ ಅವನ ದನಿ ಚೀರಿತು: “ಮುಚ್ಚಬ್ಯಾಡ್ರೋ! ನಾ ಒಳಗ ಇದ್ದೀನಿ!”

ಯಾರೂ ತಿರುಗಲಿಲ್ಲ. ಕಾಂಕ್ರೀಟ್ ಬುಟ್ಟಿ ಹೊತ್ತು ಬಂದಿದ್ದ ಶೇಖಮ್ಮನ ಕೈ ಮಾತ್ರ ನಿಂತಿತು. ಅವಳಿಗೆ ಕೇಳಿಸಿತ್ತು. ಅಮಾತೆಪ್ಪ ರಕ್ತದ ಕೈ ಜೋಡಿಸಿದ.

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಬುಟ್ಟಿಯನ್ನು ತೂತಿನೊಳಗೆ ಬೋರಲು ಮಾಡಿದಳು.