ಹದಿನೆಂಟನೆಯ ಸರದಿಯ ಕುದುರೆ

ಮುರಿಗೆಪ್ಪನವರ ಕೂಟದಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಸೇರಿದ ಮೇಲೆ, ಯಾವ ಡಬ್ಬಿಯ ಮುಚ್ಚಳವನ್ನೂ ತೆಗೆಯುವ ಮೊದಲು, ಪ್ರತಿಯೊಬ್ಬರೂ ಆ ವಾರ ತಾವು ಆಡಿದ ಆಟ ಯಾವುದು, ಯಾರೊಡನೆ, ಗೆದ್ದರೋ ಸೋತರೋ ಎಂದು ಹೇಳಬೇಕು. ಹೇಳಲು ಏನೂ ಇಲ್ಲದವರು ಗೇಟಿನ ಆಚೆಗಿನ ಅಂಗಡಿಯಿಂದ ಎಲ್ಲರಿಗೂ ಟೀ ತರಬೇಕು.

ಕೂಡುವ ಜಾಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸು. ಟೇಬಲ್ ಟೆನಿಸ್ ಮೇಜಿನ ಬಲೆ ಬಿಚ್ಚಿ ಮೂಲೆಗಿಟ್ಟರೆ ಅದೇ ಆಟದ ಮೇಜು. ಮುರಿಗೆಪ್ಪನವರು ನಿವೃತ್ತ ಡ್ರಾಫ್ಟ್ಸ್‌ಮನ್; ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕೈಯಲ್ಲಿ ನೋಟ್‌ಬುಕ್ಕು. ಯಾರು ಏನು ಹೇಳಿದರೂ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುವರು.

ಸಂಗಮೇಶ ಆ ಕೂಟಕ್ಕೆ ಹೊಸಬ. ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ, ಬಾಗಲಗುಂಟೆಯಲ್ಲಿ ಬಾಡಿಗೆ ಕೋಣೆ. ಮೂವತ್ನಾಲ್ಕು ವಯಸ್ಸಾದರೂ ಮದುವೆಯ ಮಾತು ಎಲ್ಲಿಯೂ ಕೂಡಿ ಬಂದಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಊರನ್ನು ಈ ಕೊನೆಯಿಂದ ಆ ಕೊನೆಗೆ ದಾಟಿ ಆಟವಾಡಲು ಬರುವವನನ್ನು ಕಂಡು ಮೊದಲ ದಿನವೇ ಎಲ್ಲರೂ ನಕ್ಕಿದ್ದರು. ಮೊದಲು ಅವನು ಬಂದದ್ದು ಆಟಕ್ಕೇ. ಎರಡನೆಯ ಭಾನುವಾರದಿಂದ ಹೇಮಲತಾಳ ಮಾತು ಕೇಳಲು ಬರುತ್ತಿದ್ದ.

"ನಮ್ಮ ರೂಮಲ್ಲಿ ರೈಲು ಹಳಿ ಹಾಕೋ ಆಟ ಸಾರ್," ಎಂದು ಮುತ್ತು ಶುರು ಮಾಡುವನು. "ನಾನು ಹಳಿ ಹಾಕೋ ಜಾಗದಲ್ಲೆಲ್ಲಾ ಒಬ್ಬ ಬಂದು ಕೂತ್ಕೊಂಡ. ರಾತ್ರಿ ಅವನಿಗೆ ಸಾರು ಬಡಿಸಲಿಲ್ಲ ನಾನು."

"ನಾನು ಅಜ್ಜಿ ಜೊತೆ ಚೌಕಾಬಾರ," ಎನ್ನುವಳು ಶಿವಗಂಗಾ. "ಎಂಬತ್ತೆರಡು ವರ್ಷ ಅವರಿಗೆ. ನನ್ನ ಮೂರು ಕಾಯಿ ಕಡಿದ್ರು. ಆಮೇಲೆ ಪಾಪ ಮಗು ಅಂತ ಉಂಡೆ ಕೊಟ್ರು."

ಕಡೆಗೆ ಹೇಮಲತಾ. ಅವಳು ಹತ್ತಿರದ ಒಂದು ಐಟಿ ಕಂಪನಿಯಲ್ಲಿ ಟೆಸ್ಟಿಂಗ್ ಲೀಡ್. ಇದೇ ಅಪಾರ್ಟ್‌ಮೆಂಟಿನ ಸಿ ಬ್ಲಾಕಿನವಳು. ಅವಳು ಹೇಳುವುದು ಯಾವಾಗಲೂ ಒಂದೇ ಆಟ. ವಿದೇಶದಿಂದ ತರಿಸಿದ ಯುದ್ಧದ ಆಟ ಅದು. ಜೇನುಗೂಡಿನಂತೆ ಆರು ಮೂಲೆಯ ಮನೆಗಳ ನಕ್ಷೆ, ನಡುವೆ ಒಂದು ನದಿ, ಈ ದಡದಲ್ಲೊಂದು ಸೈನ್ಯ, ಆ ದಡದಲ್ಲೊಂದು. ಒಟ್ಟು ಇಪ್ಪತ್ತು ಸರದಿ. ಅವಳು ಆಡುತ್ತಿದ್ದದ್ದು ವಾರಕ್ಕೆ ಒಂದೇ ಸರದಿ.

"ಹತ್ತನೇ ಟರ್ನ್ ಮುಗೀತು," ಎಂದಳು ಆ ದಿನ. "ಅವರು ಎಡಗಡೆಯಿಂದ ಕುದುರೆ ತರ್ತಿದ್ದಾರೆ. ಸೇತುವೆ ಇನ್ನೂ ನನ್ನ ಹತ್ರಾನೇ ಇದೆ."

"ಅವರು ಅಂದ್ರೆ?" ಸಂಗಮೇಶ ಪಕ್ಕದಲ್ಲಿದ್ದ ಮುತ್ತುವನ್ನು ಮೆಲ್ಲಗೆ ಕೇಳಿದ.

ಮುತ್ತು ಕೇಳಿಸದವನಂತೆ ದಾಳಗಳನ್ನು ಎಣಿಸತೊಡಗಿದ.

ಸಂಗಮೇಶನಿಗೆ ಒಂದು ಸಂಗತಿ ತಲೆಗೆ ಹೊಕ್ಕರೆ ಅದರ ತಳ ಕಾಣುವವರೆಗೂ ಸಮಾಧಾನವಿರಲಿಲ್ಲ. ಮುರಿಗೆಪ್ಪನವರ ಬಳಿ ಆ ಆಟದ ನಕ್ಷೆಯ, ನಿಯಮಗಳ ಜೆರಾಕ್ಸ್ ಇತ್ತು. ಅದನ್ನು ಬೇಡಿ ತಂದ. ಕಾರ್ಖಾನೆಯಲ್ಲಿ ಬಿಸಾಡಿದ ಹಿತ್ತಾಳೆಯ ಚೂರುಗಳನ್ನು ಅರದಲ್ಲಿ ಉಜ್ಜಿ ಕಾಯಿಗಳನ್ನು ಮಾಡಿದ. ಕುದುರೆಗಳಿಗೆ ಕಿವಿಯನ್ನೂ ಕೆತ್ತಿದ. ಪ್ರತಿ ಭಾನುವಾರ ಅವಳು ಹೇಳಿದ ನಡೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು, ಬಾಗಲಗುಂಟೆಯ ತನ್ನ ಕೋಣೆಯಲ್ಲಿ ಹಾಸಿದ ನಕ್ಷೆಯ ಮೇಲೆ ನಡೆಸುವನು. ಹೀಗೆ ಅವಳ ಆಟದ ಒಂದು ಪಡಿನೆಳಲು ಊರಿನ ಇನ್ನೊಂದು ತುದಿಯಲ್ಲಿ ಬೆಳೆಯಿತು.

ಹದಿನಾಲ್ಕನೆಯ ಸರದಿಯ ಭಾನುವಾರ ಕಾರಿಡಾರಿನಲ್ಲಿ ಇಬ್ಬರೇ ಟೀ ಕುಡಿಯುತ್ತ ನಿಂತಿದ್ದರು. ಬಿಸಿಲು ಅವಳ ಕಿವಿಯ ಚಿಕ್ಕ ಓಲೆಯ ಮೇಲೆ ಬಿದ್ದು ಗೋಡೆಯಲ್ಲಿ ಒಂದು ಚುಕ್ಕೆಯಾಗಿತ್ತು. ಅವಳು ತಲೆ ಅಲ್ಲಾಡಿಸಿದಾಗಲೆಲ್ಲ ಚುಕ್ಕೆ ಓಡಾಡುತ್ತಿತ್ತು. ಸಂಗಮೇಶ ಅವಳನ್ನು ನೋಡುವ ಧೈರ್ಯವಿಲ್ಲದೆ ಆ ಚುಕ್ಕೆಯನ್ನು ನೋಡುತ್ತಿದ್ದ.

"ನಿಮ್ಮ ಎದುರು ಆಡೋರು ಯಾರು ಮೇಡಂ?"

"ಆಟ ಕೇಳ್ತಾ ಇದ್ದೀರಲ್ಲ. ನೀವೇ ಹೇಳಿ ನೋಡೋಣ, ಅವರು ಎಂಥವರು ಅಂತ."

"ಗಂಡಸು."

"ಅದೇನು ದೊಡ್ಡ ಸಂಶೋಧನೆ."

"ಅವಸರ ಜಾಸ್ತಿ. ಕುದುರೆ ಅಂದ್ರೆ ಪ್ರಾಣ. ಕಾಲಾಳುಗಳನ್ನ ಹಿಂದೆ ಬಿಟ್ಟು ಕುದುರೆ ಮುಂದೆ ನುಗ್ಗಿಸ್ತಾರೆ." ಸಂಗಮೇಶ ಸ್ವಲ್ಪ ತಡೆದ. "ಇನ್ನೊಂದು ವಿಚಿತ್ರ. ನಿಮ್ಮ ದವಸದ ಬಂಡಿಗಳು ಬಲಗಡೆ ಕಾವಲಿಲ್ಲದೆ ನಿಂತಿವೆ. ಮೂರು ವಾರದಿಂದ ಅವುಗಳನ್ನ ಮುಟ್ಟಿಲ್ಲ. ಒಂದೋ ತುಂಬ ಒಳ್ಳೆಯವರು, ಇಲ್ಲಾ ಸೋಮಾರಿ."

ಹೇಮಲತಾ ನಕ್ಕಳು. ಅವಳು ಬಾಯ್ತುಂಬ ನಕ್ಕದ್ದನ್ನು ಸಂಗಮೇಶ ನೋಡಿದ್ದು ಅದೇ ಮೊದಲು. "ಎರಡೂ," ಎಂದಳು. ನಗು ಇಳಿಯುತ್ತಿದ್ದಂತೆ ಕಣ್ಣು ಬೇರೆ ಕಡೆ ಹೋಯಿತು. "ಇಷ್ಟು ಗಮನಿಸಿ ಯಾರೂ ಕೇಳಿರಲಿಲ್ಲ."

ಆ ನಗು ತನಗೋ, ಆ ಕಾಣದ ಎದುರಾಳಿಗೋ ಎಂದು ಸಂಗಮೇಶ ಬಸ್ಸಿನುದ್ದಕ್ಕೂ ಯೋಚಿಸಿದ. ಅವಳ ಕೊರಳಲ್ಲಿ ತಾಳಿ ಇಲ್ಲ, ಕಾಲಲ್ಲಿ ಉಂಗುರ ಇಲ್ಲ. ಆದರೆ ವಾರಕ್ಕೊಮ್ಮೆ ಅವಳ ಎದುರು ಕುಳಿತು, ಅವಳ ಬೆರಳಿನ ನಡೆಯನ್ನು ಕಾಯುವ ಒಬ್ಬನಿದ್ದಾನೆ. ಆ ಕುರ್ಚಿಯ ಮೇಲೆ ಸಂಗಮೇಶನಿಗೆ ಆಸೆಯಾಯಿತು. ಆಸೆಯ ಜೊತೆಗೇ ಹೊಟ್ಟೆಕಿಚ್ಚೂ ಆಯಿತು.

ಅದೇ ಅವನಿಂದ ತಪ್ಪು ಮಾಡಿಸಿದ್ದು.

"ಹದಿನೆಂಟನೇ ಟರ್ನ್," ಎಂದಳು ಹೇಮಲತಾ ನಾಲ್ಕು ವಾರದ ಬಳಿಕ. "ಅವರ ಕುದುರೆ ನದಿ ದಾಟಿ, ಇನ್ನೊಂದು ಮನೆ ಮುಂದೆ ಬಂತು. ಸೇತುವೆ ಹೋಯ್ತು."

"ಆಗಲ್ಲ," ಎಂದ ಸಂಗಮೇಶ.

ಎಲ್ಲರೂ ಅವನತ್ತ ತಿರುಗಿದರು.

"ಒಂಬತ್ತನೇ ರೂಲ್ ನೋಡಿ ಮೇಡಂ. ನದಿ ದಾಟಿದ ಕುದುರೆ ಆ ಟರ್ನ್ ದಡದಲ್ಲೇ ನಿಲ್ಲಬೇಕು. ಮುಂದಿನ ಮನೆಗೆ ಹೋಗೋ ಹಾಗಿಲ್ಲ." ಜೆರಾಕ್ಸ್ ಪ್ರತಿ ಅವನ ಚೀಲದಲ್ಲೇ ಇತ್ತು. ತೆಗೆದು ಬೆರಳಿಟ್ಟು ತೋರಿಸಿದ. "ನಿಮ್ಮ ಸೇತುವೆ ಹೋಗೇ ಇಲ್ಲ. ಅವರು ನಿಮಗೆ ಮೋಸ ಮಾಡ್ತಿದ್ದಾರೆ. ಕಳ್ಳಾಟ ಇದು."

ಮುತ್ತು ಅವನ ಅಂಗಿ ಜಗ್ಗಿದ. ಶಿವಗಂಗಾ ತಲೆ ತಗ್ಗಿಸಿದಳು. ಹೇಮಲತಾ ಕಾಗದದ ಮೇಲಿನ ಅವನ ಬೆರಳನ್ನೇ ನೋಡುತ್ತ ಇದ್ದಳು.

"ಗೊತ್ತು," ಎಂದಳು ಕೊನೆಗೆ. ಎದ್ದು ಹೊರಟುಹೋದಳು. ಚಪ್ಪಲಿ ಹಾಕಿಕೊಳ್ಳುವಾಗ ಅವಳ ಕೈ ಗೋಡೆ ಹಿಡಿದದ್ದನ್ನು ಸಂಗಮೇಶ ಕಂಡ.

ಬಾಗಿಲು ಮುಚ್ಚಿದ ಮೇಲೆ ಮುರಿಗೆಪ್ಪನವರು ಪೆನ್ನನ್ನು ಕೆಳಗಿಟ್ಟರು.

"ತಪ್ಪು ನಮ್ಮದಪ್ಪ. ನೀನು ಹೊಸಬ, ನಿನಗೆ ಹೇಳಬೇಕಾಗಿತ್ತು. ಆ ಆಟ ಚನ್ನವೀರನದು, ಅವಳ ಗಂಡನದು. ಐದನೇ ಸರದಿ ಆಡಿ ಎದ್ದಿದ್ದರು. ಮಾರನೇ ದಿನ ಆಫೀಸಿನಲ್ಲಿ ಎದೆನೋವು ಅಂತ ಕುಸಿದವನು ಏಳಲಿಲ್ಲ. ಎರಡು ವರ್ಷವಾಯಿತು. ಬೋರ್ಡು ಹಾಗೇ ಇತ್ತು. ಈ ವರ್ಷ ನಾನೇ ಅವಳಿಗೆ, ಆಟ ಮುಗಿಸವ್ವ, ವಾರಕ್ಕೊಂದು ಸರದಿ ಆಡಿ ಬಂದು ನಮಗೆ ಹೇಳು ಅಂದೆ. ಎರಡೂ ಕಡೆ ಅವಳೇ ಆಡ್ತಾಳೆ. ಆ ಕಡೆಯದನ್ನ ಅವನು ಆಡುತ್ತಿದ್ದ ಹಾಗೇ ಆಡ್ತಾಳೆ."

ಸಂಗಮೇಶನ ಕೈಯಲ್ಲಿದ್ದ ಕಾಗದ ಭಾರವಾಯಿತು.

ಮುಂದಿನ ಎರಡು ಭಾನುವಾರ ಹೇಮಲತಾ ಬರಲಿಲ್ಲ. ಎರಡು ವಾರವೂ ಸಂಗಮೇಶ ಏನೂ ಹೇಳದೆ ಎಲ್ಲರಿಗೂ ಟೀ ತಂದ. ಮೂರನೆಯ ಭಾನುವಾರ, ಮುರಿಗೆಪ್ಪನವರಿಂದ ಮನೆಯ ಗುರುತು ಕೇಳಿಕೊಂಡು, ಬೆಳಿಗ್ಗೆಯೇ ಹೊರಟು ಸಿ ಬ್ಲಾಕಿನ ಮೂರನೆಯ ಮಹಡಿ ಹತ್ತಿದ. ಕ್ಷಮೆ ಕೇಳಿ ಬಾಗಿಲಿನಿಂದಲೇ ಮರಳುವುದೆಂದು ನಿಶ್ಚಯಿಸಿದ್ದ.

ಬಾಗಿಲು ತೆರೆದೇ ಇತ್ತು. ಒಳಗೆ ಬಿಲ್ವಪತ್ರೆಯ, ಧೂಪದ ವಾಸನೆ. ಹೇಮಲತಾಳ ಅತ್ತೆ ರುದ್ರಮ್ಮ ದೇವರ ಜಗಲಿಯ ಮುಂದೆ ಕುಳಿತು, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡುತ್ತಿದ್ದರು. ಪೂಜೆಯ ನಡುವೆ ಮಾತಾಡುವಂತಿಲ್ಲ. ಬಾಗಿಲಲ್ಲಿ ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಲಗೈ ಎತ್ತಿ ಕಿಟಕಿಯ ಬಳಿಯ ಕುರ್ಚಿ ತೋರಿಸಿದರು. ಅವನು ಹಿಂಜರಿದಾಗ ಮತ್ತೊಮ್ಮೆ ತೋರಿಸಿದರು.

ಸಂಗಮೇಶ ಹೋಗಿ ಕುಳಿತ. ಎದುರಿಗೆ ಮೇಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಆ ನದಿ, ಆ ಸೇತುವೆ, ಆ ದವಸದ ಬಂಡಿಗಳು. ತನ್ನ ಕೋಣೆಯಲ್ಲಿದ್ದಂತೆಯೇ ಪ್ರತಿಯೊಂದು ಕಾಯಿಯೂ ಅದರದರ ಮನೆಯಲ್ಲಿತ್ತು. ಸರದಿ ತೋರಿಸುವ ಕಾಯಿ ಎರಡು ವಾರ ಕಳೆದರೂ ಹದಿನೆಂಟರಲ್ಲೇ ನಿಂತಿತ್ತು.

ಅಡುಗೆಮನೆಯಿಂದ ಬಂದ ಹೇಮಲತಾ ಅವನನ್ನು ಕಂಡು ಅಲ್ಲೇ ನಿಂತಳು. ಆಗ ಅವನಿಗೆ ಅದು ಯಾರ ಕುರ್ಚಿ ಎಂಬುದು ಹೊಳೆಯಿತು. ದಡಬಡಿಸಿ ಎದ್ದ.

"ಕುಂದ್ರು," ಎಂದರು ರುದ್ರಮ್ಮ. ಪೂಜೆ ಮುಗಿದಿತ್ತು. "ನಾನಽ ಕುಂದ್ರು ಅಂದೇನಿ. ಯಾವೂರು ತಮ್ಮಾ?"

"ಗದಗ ಕಡೆ ರೀ ಅವ್ವಾರ. ನನ್ನ ಕಡಿಂದ ತಪ್ಪಾತ್ರಿ. ಗೊತ್ತಿಲ್ದ ನಿಮ್ಮ ಮಗನ ಆಟಕ್ಕ ಕಳ್ಳಾಟ ಅಂದುಬಿಟ್ಟೆ."

"ಅಂವ ಖರೇನಽ ಕಳ್ಳಾಟ ಆಡಾಂವ," ಎಂದರು ರುದ್ರಮ್ಮ. "ಸಣ್ಣಾಂವ ಇದ್ದಾಗ ಚೌಕಾಬಾರದಾಗ ಯಾರೂ ನೋಡದಾಂಗ ಕವಡಿ ಕಾಲಿಲೇ ಹೊಳ್ಳಿಸ್ತಿದ್ದ. ಎಲ್ಲಾದಕ್ಕೂ ಅವಸರ. ಹೋಗೂದಕ್ಕೂ ಅವಸರ ಮಾಡಿದ." ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು, ಸೆರಗು ಸರಿಪಡಿಸಿ, ಚಹಾ ಮಾಡುವೆನೆಂದು ಒಳಗೆ ಹೋದರು.

ಹೇಮಲತಾ ಎದುರಿನ ಕುರ್ಚಿಯಲ್ಲಿ ಕುಳಿತಳು.

"ಆ ರೂಲು ನಾನು ಮೊದಲ ಆಟದಲ್ಲೇ ಓದಿದ್ದೆ," ಎಂದಳು. "ಮದುವೆಯಾದ ಹೊಸತು. ಅವರು ತಪ್ಪು ಓದ್ಕೊಂಡು, ನದಿ ದಾಟಿ ಕುದುರೆ ಓಡಿಸಿ ಅಷ್ಟು ಖುಷಿ ಪಟ್ಟರು. ಹೇಳೋಕೆ ಮನಸ್ಸು ಬರಲಿಲ್ಲ. ಆರು ವರ್ಷ ಹೇಳಲಿಲ್ಲ. ನೀವು ಒಂದೇ ನಿಮಿಷದಲ್ಲಿ ಹೇಳಿಬಿಟ್ರಿ."

"ಬೈಯಿರಿ ಮೇಡಂ. ಬೈಸ್ಕೊಳ್ಳೋಕೇ ಬಂದೆ."

"ಅದಕ್ಕೆ ಸಿಟ್ಟು ಬರಲಿಲ್ಲ ನನಗೆ. ಇನ್ನು ಎರಡೇ ಟರ್ನ್ ಉಳಿದಿದೆ. ಮುಗಿದ ಮೇಲೆ ಎಲ್ಲ ಎತ್ತಿ ಡಬ್ಬಿಗೆ ಹಾಕಬೇಕು. ಅದು ಆಗ್ತಿಲ್ಲ." ಪ್ಲಾಸ್ಟಿಕ್ಕಿನ ಅಂಚನ್ನು ಉಗುರಿನಿಂದ ಕೆರೆದಳು. "ನೀವ್ಯಾಕೆ ಅಷ್ಟು ಕೋಪದಲ್ಲಿ ಹೇಳಿದ್ರಿ ಅವತ್ತು?"

ಸಂಗಮೇಶ ಜೇಬಿನಿಂದ ಹಿತ್ತಾಳೆಯ ಕುದುರೆಯನ್ನು ತೆಗೆದು ಮೇಜಿನ ಮೇಲಿಟ್ಟ. ಎರಡು ತಿಂಗಳು ಬೆರಳಾಡಿದ ಹಿತ್ತಾಳೆ ಹೊಳೆಯುತ್ತಿತ್ತು.

"ನೀವು ಹೇಳಿದ್ದನ್ನೆಲ್ಲ ನನ್ನ ರೂಮಲ್ಲಿ ಆಡ್ತಿದ್ದೆ. ನಿಮ್ಮ ಎದುರು ಯಾರೋ ಕೂತಿರ್ತಾರೆ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯೋದು. ಆ ಜಾಗದಲ್ಲಿ ನಾನಿರಬೇಕು ಅಂತ ಆಸೆ. ಇಷ್ಟೇ ನಿಜ. ಹೇಳಬಾರದಿತ್ತೇನೋ."

ಅವಳು ಕುದುರೆಯನ್ನು ಎತ್ತಿಕೊಂಡು ಅದರ ಕಿವಿ ಮುಟ್ಟಿ ನೋಡಿದಳು. ಆಮೇಲೆ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ತೆಗೆದು ಮಡಚಿಟ್ಟಳು.

"ಹತ್ತೊಂಬತ್ತನೇ ಟರ್ನ್. ಆಡಿ."

"ಯಾರ ಹಾಗೆ ಆಡ್ಲಿ? ಅವರ ಹಾಗೆ ಆಡೋದೂ ಬರುತ್ತೆ ಈಗ."

"ನಿಮ್ಮ ಹಾಗೆ."

"ಮುಂದೆ ಹೋಗಿರೋ ಅವರ ಕುದುರೆ?"

ಅವಳ ಕಣ್ಣು ಸೇತುವೆಯಾಚೆಯ ರಟ್ಟಿನ ಕುದುರೆಯತ್ತ ಹೋಯಿತು. ಸಂಗಮೇಶನೇ ಹೇಳಿದ: "ಅದು ಅಲ್ಲೇ ಇರಲಿ. ಅವರ ನಡೆ ಅದು. ಆಗಿದ್ದು ಆಗಿದೆ."

ತಾನು ಕುಳಿತ ಕಡೆಯ ದಡದಲ್ಲಿ ಇನ್ನೊಂದು ಕುದುರೆ ಉಳಿದಿತ್ತು. ಆ ರಟ್ಟಿನ ಕಾಯಿಯ ಜಾಗದಲ್ಲಿ ತನ್ನ ಹಿತ್ತಾಳೆಯದನ್ನು ಇಟ್ಟು, ನದಿ ದಾಟಿಸಿ, ಆಚೆ ದಡದಲ್ಲಿ ಬಿಟ್ಟು ಕೈ ತೆಗೆದ. ಹೇಮಲತಾಳ ಕೈ ಅಭ್ಯಾಸಬಲದಿಂದ ಮುಂದೆ ಬಂತು, ಅದನ್ನು ಇನ್ನೊಂದು ಮನೆ ಮುಂದಕ್ಕೆ ನಡೆಸಲು. ಕಾಯಿಯ ಮೇಲೆ ಬೆರಳು ಇಟ್ಟವಳು ನಿಂತಳು.

"ನಂದು ಇಲ್ಲೇ ನಿಲ್ಲುತ್ತೆ," ಎಂದ ಅವನು ಮೆಲ್ಲಗೆ.

ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ನಕ್ಷೆಯನ್ನು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ನಕ್ಷೆ ನೋಡಿದಳು. ಹುಬ್ಬಿನ ನಡುವೆ ಒಂದು ಗೆರೆ ಮೂಡಿತು.

"ಇಲ್ಲಿ ನಿಂತು ಏನು ಮಾಡ್ತೀರಿ? ಮುಂದಿನ ನಡೆ ಏನು?"

"ಹೇಳಿಬಿಟ್ರೆ ಆಟ ಎಲ್ಲಿ ಉಳಿಯುತ್ತೆ ಮೇಡಂ?"

"ಎದುರುಗಡೆ ಏನು ಬರುತ್ತೆ ಅಂತ ಗೊತ್ತಿಲ್ಲದೆ ಕೂತು ಎರಡು ವರ್ಷ ಆಯ್ತು," ಎಂದಳು ಅವಳು. ಕಣ್ಣು ತುಂಬಿತ್ತು, ಆದರೆ ತುಟಿಯ ಕೊನೆಯಲ್ಲಿ ಆ ಕಾರಿಡಾರಿನ ನಗು ಇಣುಕುತ್ತಿತ್ತು. "ವಾರಕ್ಕೆ ಒಂದೇ ಟರ್ನ್. ಮುಂದಿನ ಭಾನುವಾರ ಬನ್ನಿ. ಮೇಡಂ ಅನ್ನೋದನ್ನ ಬಾಗಿಲಲ್ಲೇ ಬಿಟ್ಟು ಬನ್ನಿ."

ಮುಂದಿನ ಭಾನುವಾರ ಬೆಳಿಗ್ಗೆ ಹಿತ್ತಾಳೆಯ ಕುದುರೆ ಸೇತುವೆಯ ಕಡೆ ನೋಡಲೇ ಇಲ್ಲ. ನೇರ ಬಲಕ್ಕೆ ತಿರುಗಿ ಕಾವಲಿಲ್ಲದ ದವಸದ ಬಂಡಿಗಳನ್ನು ಹಿಡಿದು ಆಟ ಗೆದ್ದಿತು. ಹೇಮಲತಾ "ಅಯ್ಯೋ" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಆರು ವರ್ಷದ ಸಂಸಾರದಲ್ಲಿ ಆ ಬಂಡಿಗಳಿಗೆ ಕಾವಲು ಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು.

ಇಬ್ಬರೂ ಸೇರಿ ಕಾಯಿಗಳನ್ನು ಡಬ್ಬಿಗೆ ತುಂಬಿದರು. ಕೊನೆಗೆ ಸೇತುವೆಯಾಚೆಯ ಆ ಒಂದು ರಟ್ಟಿನ ಕುದುರೆ ಉಳಿಯಿತು. ಹೇಮಲತಾಳ ಕೈ ತಡೆಯಿತು. ರುದ್ರಮ್ಮ ಬಂದು ಅಂಗೈ ಚಾಚಿದರು.

"ಕೊಡಿಲ್ಲೆ. ಇದು ಡಬ್ಯಾಗ ಬ್ಯಾಡ."

ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಅದನ್ನಿಟ್ಟು, ಒಂದು ಬಿಲ್ವದೆಲೆ ಏರಿಸಿ, ಕೈ ಮುಗಿದರು. "ಹೇಮಾ, ಸಂಗಮೇಶನ್ನ ಉಣ್ಣಾಕ ಕರಿ," ಎಂದರು ತಿರುಗಿ ನೋಡದೆಯೇ.

ಮಧ್ಯಾಹ್ನ ಮೂರಕ್ಕೆ ಕೂಟ ಸೇರಿತು. ಮುರಿಗೆಪ್ಪನವರು ನೋಟ್‌ಬುಕ್ಕು ತೆರೆದರು.

"ಇಪ್ಪತ್ತನೇ ಟರ್ನ್ ಮುಗೀತು," ಎಂದಳು ಹೇಮಲತಾ. "ನಾನು ಸೋತೆ."

"ಯಾರ ಕೈಲಿ ತಾಯಿ?"

"ಸಂಗಮೇಶ್ ಕೈಲಿ."

ದುಂಡಗಿನ ಅಕ್ಷರಗಳು ನಿಧಾನವಾಗಿ ಕಾಗದದ ಮೇಲೆ ಇಳಿದವು. ಮುತ್ತು ಶಿವಗಂಗಾಳ ಕಡೆ ನೋಡಿದ. ಅವಳು ಮೇಜಿನಡಿ ಅವನ ಕಾಲು ತುಳಿದಳು.

"ನೀನು ಹೇಳಪ್ಪ ಸಂಗಮೇಶ. ಈ ವಾರ ಏನಾಡಿದೆ?"

ಸಂಗಮೇಶ ಬಾಯಿ ತೆರೆದ. ಹೇಮಲತಾ ತನ್ನನ್ನೇ ನೋಡುತ್ತಿರುವುದನ್ನು ಕಂಡು ಮೇಜಿನ ಮೇಲಿನ ದಾಳಗಳನ್ನು ಜೋಡಿಸತೊಡಗಿದ.

"ಹೇಳೋಕೆ ಏನೂ ಇಲ್ಲ ಅಂದ್ರೆ ಟೀ ತಾ ಗುರು," ಎಂದ ಮುತ್ತು. "ರೂಲ್ ಅಂದ್ರೆ ರೂಲು. ನಿನಗೆ ಹೇಳಿಕೊಡಬೇಕಾ?"

ಸಂಗಮೇಶ ನಗುತ್ತ ಎದ್ದ. ಬಾಗಿಲವರೆಗೆ ಹೋಗಿದ್ದನೋ ಇಲ್ಲವೋ, ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು.

"ಐದು ಟೀ ಒಬ್ಬರ ಕೈಲಿ ತರೋಕಾಗಲ್ಲ," ಎಂದು ಹೇಮಲತಾ ಚಪ್ಪಲಿ ಹಾಕಿಕೊಂಡು ಅವನ ಜೊತೆ ಹೊರಟಳು. ಈ ಸಲ ಅವಳು ಗೋಡೆ ಹಿಡಿಯಲಿಲ್ಲ.